ಬೀದಿಗೆಲ್ಲ ನನ್ನದೇ ಕಾಲ್ಗುಣ

"ಈ ವರ್ಷ ಮೊದಲು ದೇವರು, ಆಮೇಲೆ ಸಂಸಾರ, ಮಿಕ್ಕಿದ್ದೆಲ್ಲ ಆಮೇಲಿನ ಆಮೇಲೆ!" ಎಂದು ಘೋಷಿಸಿದೆ. ಘೋಷಣೆಗೆ ತಕ್ಕ ಗಾಂಭೀರ್ಯವೂ ಇರಲಿ ಎಂದು ಕುರ್ಚಿ ಹತ್ತಿ, ಮೂಲೆಯ ಸಂತರ ಪಟದ ಮುಂದೆ ತೂಗುವ ದೀಪಕ್ಕೆ ಎಣ್ಣೆ ಹಾಕಲು ಕೈ ಎತ್ತಿದೆ. ಕುರ್ಚಿಯ ಒಂದು ಕಾಲಿಗೆ ನನ್ನ ಘೋಷಣೆ ಒಪ್ಪಿಗೆಯಾಗಲಿಲ್ಲ. ದೀಪ ಉಳಿಯಿತು, ಸಂತರು ಉಳಿದರು, ನಾನೂ ಉಳಿದೆ. ಎಣ್ಣೆ ಮಾತ್ರ ಅಷ್ಟೂ ನನ್ನ ಬೋಳುತಲೆಗೆ ಇಳಿದು, ಎರಡು ಕಿವಿಗಳ ಹಿಂದೆ ಎರಡು ನದಿಗಳಾಗಿ ಹರಿದು, ಹಬ್ಬಕ್ಕೆಂದು ಇಸ್ತ್ರಿ ಮಾಡಿದ್ದ ಬಿಳಿ ಅಂಗಿಯಲ್ಲಿ ಸಂಗಮವಾಯಿತು!

"ಅಳಿಯಾ," ಎಂದರು ನನ್ನ ಅತ್ತೆ ಸ್ತಾನಾ, ಅಕ್ರೋಟು ಒಡೆಯುವುದನ್ನು ನಿಲ್ಲಿಸದೆ, "ಅಲ್ಲಿ ಬೆಳೆಯೋದಕ್ಕೆ ಏನು ಉಳಿದಿದೆ ಅಂತ ಎಣ್ಣೆ ಹಾಕ್ಕೊಂಡೆ?"

ಹೆಂಡತಿ ಬೊಸಿಲ್ಕಾ ಟವೆಲ್ ತಂದು ನನ್ನ ಮುಖಕ್ಕೆ ಎಸೆದಳು. "ಮೊದಲು ದೇವರು ಅಂದೆ. ಆ ದೇವರು ಎಣ್ಣೆ ಇಲ್ಲದೆ ಕತ್ತಲೆಯಲ್ಲಿ ಕೂತಿದ್ದಾನೆ. ಎರಡನೇ ನಂಬರಿನ ನಮ್ಮ ಗತಿ ಏನು ಮಹಾರಾಯ?"

ನಾನೇ ನಕ್ಕುಬಿಟ್ಟೆ. ನಗದೆ ಇದ್ದವಳು ಸೋಫಾದ ಮೇಲೆ ಮಲಗಿದ್ದ ಮಗಳು ದುನ್ಯಾ ಒಬ್ಬಳೇ. ಆ ದಿನಗಳಲ್ಲಿ ನಮ್ಮ ಮನೆಯ ಚಿಂತೆಯೆಲ್ಲ ಅದೇ. ಅವಳಿಗೆ ಏಳು ತಿಂಗಳು ತುಂಬಿತ್ತು. ಹಿಂದಿನ ವರ್ಷ ಬಂದ ಆಸೆಯೊಂದು ಕೈಜಾರಿ ಹೋಗಿದ್ದರಿಂದ ಡಾಕ್ಟರು ಈ ಸಲ ಎದ್ದು ಓಡಾಡಲೇಬೇಡ ಎಂದಿದ್ದರು. ಅವಳ ಗಂಡ ದೂರದ ಊರುಗಳಿಗೆ ಬಸ್ ಓಡಿಸುವವನು, ಹಬ್ಬದ ರಾತ್ರಿಯ ಹೊತ್ತಿಗೇ ಅವನು ಬರುವುದು. ನಾನು ಬಾಯಿ ತೆರೆದರೆ ಸಾಕು ನಗುತ್ತಿದ್ದ ಹುಡುಗಿ ಈಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಚಾವಣಿ ನೋಡುತ್ತಿದ್ದಳು.

ಬೊಸಿಲ್ಕಾ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಸ್ರೇತೆನ್, ಈ ಹಬ್ಬಕ್ಕೆ ನನಗೆ ಕೋಟು ಬೇಡ, ಬೂಟು ಬೇಡ. ಒಂದೇ ಕೆಲಸ. ಹಬ್ಬದ ಬೆಳಿಗ್ಗೆ ಈ ಹೊಸ್ತಿಲು ಮೊದಲು ದಾಟೋನು ಒಳ್ಳೆಯವನಾಗಿರ್ಬೇಕು. ಹೋಗಿ ಕೂಮ್‌ನ ಕರ್ಕೊಂಡು ಬಾ. ಬಂದು ಮಗಳ ಪಕ್ಕ ಕೂತ್ಕೋ. ಆಮೇಲೆ ನಾವಿಬ್ರೂ ಚರ್ಚಿಗೆ ಹೋಗೋಣ."

"ಅಷ್ಟೇನಾ?"

"ಅಷ್ಟೇ. ಅದಕ್ಕೇ ನನಗೆ ಭಯ."

ನಮ್ಮ ಚಾಚಾಕ್ ಊರಿನಲ್ಲಿ ಚರ್ಚಿನ ಹಳೆಯ ಪಂಚಾಂಗದಂತೆ ಕ್ರಿಸ್‌ಮಸ್ ಬರುವುದು ಜನವರಿ ಏಳಕ್ಕೆ. ಲೋಕವೆಲ್ಲ ಕೇಕು ತಿಂದು ಮುಗಿಸಿ ತೂಕ ಇಳಿಸಲು ಹೊರಟಾಗ ನಾವಿನ್ನೂ ಮಾಂಸ ಬೆಣ್ಣೆ ಬಿಟ್ಟ ಉಪವಾಸದಲ್ಲೇ ಇರುತ್ತೇವೆ. ಆ ಬೆಳಿಗ್ಗೆ ಹೊರಗಿನಿಂದ ಮನೆಯೊಳಗೆ ಮೊದಲು ಕಾಲಿಡುವವನೇ ಆ ಮನೆಯ ವರ್ಷಪೂರ್ತಿಯ ಅದೃಷ್ಟ. ಅವನು ಬಲಗಾಲಿಟ್ಟು ಬರಬೇಕು, ಒಲೆಯಲ್ಲಿ ಉರಿಯುವ ಓಕ್ ಕೊಂಬೆಯನ್ನು ಕೆದಕಿ ಕಿಡಿ ಹಾರಿಸಬೇಕು, ಹರಸಬೇಕು, ಕೂರಬೇಕು, ಕೊಟ್ಟಿದ್ದನ್ನು ತಿನ್ನಬೇಕು, ಸುರಿದಿದ್ದನ್ನು ಕುಡಿಯಬೇಕು. ಮನೆಯವನೇ ಹೊರಗೆ ಹೋಗಿ ಮೊದಲು ಒಳಗೆ ಬಂದರೆ ಅದು ಲೆಕ್ಕಕ್ಕೂ ಇಲ್ಲ, ಶುಭವೂ ಅಲ್ಲ. ಒಟ್ಟಿನಲ್ಲಿ ಕಾಲ್ಗುಣದ ವ್ಯವಹಾರ. ಓದಿದವರೆಲ್ಲ "ನಾವು ಇದನ್ನೆಲ್ಲ ನಂಬಲ್ಲಪ್ಪ" ಎನ್ನುತ್ತೇವೆ. ಎಂದು, ಬಾಗಿಲನ್ನು ಭದ್ರವಾಗಿ ಹಾಕಿಕೊಂಡು ಕಾಯುತ್ತೇವೆ!

ಕೂಮ್ ಎಂದರೆ ರಾದೊಯ್ಕೊ. ನಮ್ಮ ಮದುವೆಗೆ ಸಾಕ್ಷಿ ನಿಂತವನು, ದುನ್ಯಾಳ ದೀಕ್ಷಾಸ್ನಾನದಲ್ಲಿ ಅವಳನ್ನು ಕೈಯಲ್ಲಿ ಎತ್ತಿಕೊಂಡವನು. ನಮ್ಮಲ್ಲಿ ಕೂಮ್ ಎಂದರೆ ರಕ್ತ ಒಂದಲ್ಲದ ಅಣ್ಣ. ಅವನಿಗಿಂತ ಒಳ್ಳೆಯ ಕಾಲು ಎಲ್ಲಿ ಸಿಗಬೇಕು?

ಆದರೆ ನನಗೊಂದು ಗುಟ್ಟಿತ್ತು. ಊರಿನ ದೃಷ್ಟಿಯಲ್ಲಿ ಅವನಿಗಿಂತ ಒಳ್ಳೆಯ ಕಾಲುಗಳು ನನ್ನವು!

ಹಿಂದಿನ ಕ್ರಿಸ್‌ಮಸ್ ಬೆಳಿಗ್ಗೆ, ಪಕ್ಕದ ಮನೆ ಕೊಸಾರಾಳ ಬೇಕಿಂಗ್ ತಟ್ಟೆಯನ್ನು ಹಿಂದಿರುಗಿಸಲು ಹೋಗಿ, ತಿಳಿಯದೆ ಅವಳ ಮನೆಗೆ ಮೊದಲು ಕಾಲಿಟ್ಟವನು ನಾನೇ ಆಗಿದ್ದೆ. ನಲವತ್ತು ದಾಟಿದರೂ ಹೆಣ್ಣು ಸಿಗದಿದ್ದ ಅವಳ ಮಗನಿಗೆ ಈಸ್ಟರ್ ಬರುವಷ್ಟರಲ್ಲಿ ಮದುವೆಯಾಯಿತು. (ಅದೇ ಹೊತ್ತಿನಲ್ಲಿ ನಮ್ಮ ಮನೆಗೆ ಮೊದಲು ಕಾಲಿಟ್ಟವನು, ನಿಮ್ಮ ಪೈಪು ಒಡೆದು ಬೀದಿಯೆಲ್ಲ ನೀರು ಎಂದು ಬೈಯಲು ಬಂದ ನೀರು ಸರಬರಾಜಿನವನು. ಬೊಸಿಲ್ಕಾ ಈ ಮಾತನ್ನು ಮರೆತಿಲ್ಲ.) ಅಂದಿನಿಂದ ಸ್ರೇತೆನ್ ಕಾಲಿಟ್ಟರೆ ಕಲ್ಲಿಗೂ ಕಂಕಣ ಕೂಡಿಬರುತ್ತದೆ ಎಂಬ ಸುದ್ದಿ ಬೀದಿಯಲ್ಲಿ ಹಬ್ಬಿತು.

ನಾನು ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಕಿಟಕಿಯವನು. ಜರ್ಮನಿಯಲ್ಲಿ ದುಡಿಯುವ ಮಕ್ಕಳು ಕಳಿಸಿದ ಹಬ್ಬದ ಪೆಟ್ಟಿಗೆಗಳ ನಡುವೆ ನನ್ನ ಮೂಗು ಮಾತ್ರ ಕಾಣುವ ಕಾಲ ಅದು. ಕೋಳಿ ಸಾಕುವ ವಿಲೋತಿಯೆ ಪಾರ್ಸೆಲ್ ತೆಗೆದುಕೊಂಡವನು ಕಿಟಕಿಯೊಳಗೆ ತಲೆ ತೂರಿಸಿದ.

"ಸ್ರೇತೆನ್ ಅಣ್ಣಾ, ಹಬ್ಬದ ಬೆಳಿಗ್ಗೆ ಮೊದಲು ನಮ್ಮನೆಗೇ ಬರ್ಬೇಕು. ಕೋಳಿಗಳು ಕಾವಿಗೇ ಕೂರ್ತಿಲ್ಲ."

ಹಿಂದೆ ಸಾಲು ಬೆಳೆಯುತ್ತಿತ್ತು. "ಆಯ್ತು ಆಯ್ತು, ಯಾರಿಗೂ ಹೇಳ್ಬೇಡ, ಹೇಳಿದ್ರೆ ಫಲ ಹೋಗತ್ತೆ" ಎಂದೆ.

ಕೊಸಾರಾ ಬಂದಳು. ಮದುವೆಯಾಯಿತಲ್ಲ, ಈಗ ಅವಳಿಗೆ ಮೊಮ್ಮಗು ಬೇಕು, ಹಸುವಿನ ಹಾಲಿಗೆ ದಪ್ಪ ಕೆನೆಯೂ ಬೇಕು. "ಆಯ್ತು, ಯಾರಿಗೂ ಹೇಳ್ಬೇಡ."

ಕೊನೆಗೆ ರಾದೊಯ್ಕೊನೇ ಬಂದ. "ಕೂಮಾ, ನಾನು ನಿಮ್ಮನೆಗೆ ಬರ್ತೀನಿ ಸರಿ. ನಮ್ಮನೆಗೆ ಯಾರು? ನೀನೇ ಬಾ. ನಮ್ಮ ಮನೇಲಿ ಕಿಡಿ ಹಾರಿಸು, ಇಬ್ರೂ ಒಟ್ಟಿಗೆ ನಿಮ್ಮನೆಗೆ ಇಳಿಯೋಣ."

ಎಂಥ ಅಚ್ಚುಕಟ್ಟಾದ ಏರ್ಪಾಡು! ಮುಂಜಾನೆ ಎದ್ದು, ಕೆಳಬೀದಿಯ ವಿಲೋತಿಯೆ, ಪಕ್ಕದ ಕೊಸಾರಾ, ಗುಡ್ಡದ ಮೇಲಿನ ರಾದೊಯ್ಕೊ. ಒಂದೊಂದು ಮನೆಯಲ್ಲಿ ಒಂದು ಕಿಡಿ, ಒಂದು ಗುಟುಕು, ಒಂದು ಹಾರೈಕೆ. ಹಾಲು ಹಾಕುವವನ ಹಾಗೆ ಮುಗಿಸಿ ಬಂದರಾಯಿತು! ಬೊಸಿಲ್ಕಾಳಿಗೆ ಹೇಳುವ ಅಗತ್ಯವೇನು? ಫಲ ಹೋಗುತ್ತದಲ್ಲ!

ಹಬ್ಬದ ಹಿಂದಿನ ಸಂಜೆ ಎರಡನೇ ಘೋಷಣೆ ಮಾಡಿದೆ. "ಮೂರು ದಿನ ಈ ಮನೆಯಲ್ಲಿ ಫೋನಿಲ್ಲ!" ಎಲ್ಲರ ಫೋನನ್ನೂ ಕಸಿದು ಡ್ರಾಯರಿನಲ್ಲಿ ಹಾಕಿ ಬೀಗ ಜಡಿದೆ. ರಾದೊಯ್ಕೊನಿಗೂ ಉಪದೇಶ ಮಾಡಿ, ಅವನದನ್ನೂ ಆಫ್ ಮಾಡಿಸಿದ್ದೆ. ಈ ಧರ್ಮಶ್ರದ್ಧೆಯೇ ಮುಂದೆ ನನ್ನ ಕುತ್ತಿಗೆಗೆ ಬಂತು.

ಬೆಳಕು ಹರಿಯುವ ಮುಂಚೆ, "ಕೂಮ್‌ನ ಕರ್ಕೊಂಡು ಬರ್ತೀನಿ" ಎಂದು ಹೊರಟೆ. ಗುಡ್ಡದ ಕಡೆ ಹೋಗಬೇಕಾದವನು ಬೇಲಿಯ ಮರೆಯಲ್ಲಿ ಬಗ್ಗಿಕೊಂಡು ಕೆಳಬೀದಿಗೆ ಇಳಿದೆ. ಐವತ್ತು ದಾಟಿದ ಸರ್ಕಾರಿ ನೌಕರನೊಬ್ಬ ಕಳ್ಳನ ಹಾಗೆ ಅದೃಷ್ಟ ಹಂಚಲು ಹೊರಟಿದ್ದ!

"ಕ್ರಿಸ್ತ ಹುಟ್ಟಿದ್ದಾನೆ!" ಎಂದು ವಿಲೋತಿಯೆಯ ಬಾಗಿಲಲ್ಲಿ ಕೂಗಿದೆ.

"ನಿಜವಾಗಿ ಹುಟ್ಟಿದ್ದಾನೆ!" ಎಂದು ಅವನೂ ಅವನ ಹೆಂಡತಿಯೂ ನನ್ನ ಮೇಲೆ ಗೋಧಿಕಾಳು ಎರಚಿದರು. ಒಲೆ ಕೆದಕಿ, "ಎಷ್ಟು ಕಿಡಿಯೋ ಅಷ್ಟು ಆರೋಗ್ಯ, ಅಷ್ಟು ಸಂತೋಷ, ಅಷ್ಟು ಕೋಳಿ!" ಎಂದು ಹರಸಿದೆ. ಹೊರಡಲು ತಿರುಗಿದೆ.

"ಎಲ್ಲಿಗೆ? ಕೂರು!"

"ನಿಂತೇ ಒಂದು ಗುಟುಕು..."

"ನಿಂತಾ? ನೀನು ನಿಂತ್ರೆ ನನ್ನ ಕೋಳಿಗಳೂ ನಿಂತ್ಕೋತಾವೆ! ಆಮೇಲೆ ಕಾವಿಗೆ ಯಾರು ಕೂರ್ತಾರೆ, ನೀನಾ?"

ಮೂರು ಕಾಲಿನ ಪುಟ್ಟ ಸ್ಟೂಲು ತಂದ. ಕೂರಲು ಬಗ್ಗಿದೆ. ಸಂಪ್ರದಾಯದಂತೆ ಅವನ ಹೆಂಡತಿ ಸ್ಟೂಲನ್ನು ಹಿಂದಿನಿಂದ ಎಳೆದಳು. ನಾನು ನೆಲಕ್ಕೆ ಅಪ್ಪಳಿಸಿದ ಸದ್ದಿಗೆ ಹಿತ್ತಲಿನ ಕೋಳಿಗಳೆಲ್ಲ ಕಿರುಚಿದವು.

"ಭಲೇ!" ಎಂದು ವಿಲೋತಿಯೆ ಚಪ್ಪಾಳೆ ತಟ್ಟಿದ. "ಎಂಥ ಭಾರವಾಗಿ ಕೂತೆ ಅಣ್ಣಾ! ಈ ವರ್ಷ ಒಂದು ಮೊಟ್ಟೆನೂ ಕೆಡಲ್ಲ."

ಬಿಸಿ ರಾಕಿಯಾ, ಅಂದರೆ ನಮ್ಮ ಹಣ್ಣಿನ ಸಾರಾಯಿ, ಬಂತು. ಹುರಿದ ಹಂದಿಮಾಂಸ ಬಂತು. ವಾರಗಟ್ಟಲೆ ಬರೀ ಬೇಯಿಸಿದ ಹುರುಳಿಕಾಯಿಯನ್ನೇ ಕಂಡಿದ್ದ ಹೊಟ್ಟೆ ಅದನ್ನು ನೋಡಿ ಗಾಬರಿಯಾಯಿತು. ಬೇಡ ಎಂದರೆ ಅಪಶಕುನ! ತಿಂದೆ. ಕಸೂತಿಯ ಟವೆಲ್ಲನ್ನು ಕುತ್ತಿಗೆಗೆ ಹಾಕಿ ಕಳಿಸಿದರು.

ಕೊಸಾರಾಳ ಮನೆಯಲ್ಲಿ ಸ್ಟೂಲಿನ ಕಾಟವಿರಲಿಲ್ಲ. ಅವಳು ಒಲೆಯ ಪಕ್ಕ ಕೂರಿಸಿ, ನನ್ನನ್ನು ತನ್ನ ಕುರಿಯ ಉಣ್ಣೆಯ ಕಂಬಳಿಯಲ್ಲಿ ಸುತ್ತಿದಳು. ಅದರ ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು.

"ಸಾಕಮ್ಮಾ, ಉಸಿರು ಕಟ್ತಿದೆ!"

"ಸುಮ್ನಿರು. ಕಂಬಳಿ ಎಷ್ಟು ದಪ್ಪವೋ ಕೆನೆ ಅಷ್ಟು ದಪ್ಪ. ಬಾಯಿ ಒಂದು ಹೊರಗಿರ್ಲಿ, ರಾಕಿಯಾ ಹಾಕ್ತೀನಿ."

ಒಳಗೆ ರಾಕಿಯಾ, ಹೊರಗೆ ಮೂರು ಕಂಬಳಿ, ಪಕ್ಕದಲ್ಲಿ ಒಲೆ. ಒಂದು ಕ್ಷಣ ಕಣ್ಣು ಮುಚ್ಚಿದೆ. ಒಂದೇ ಕ್ಷಣ! ಕಣ್ಣು ಬಿಟ್ಟಾಗ ಚರ್ಚಿನ ಗಂಟೆ ಢಣಢಣ ಬಡಿಯುತ್ತಿತ್ತು. ಕಿಟಕಿಯಲ್ಲಿ ಬಿಸಿಲು!

"ಅಯ್ಯಯ್ಯೋ, ಎಬ್ಬಿಸಬಾರದಿತ್ತಾ ಕೊಸಾರಾ?"

"ಎಬ್ಬಿಸೋದಾ?" ಅವಳಿಗೆ ಆಶ್ಚರ್ಯ. "ಕೆನೆ ಕಟ್ತಾ ಇತ್ತು. ಅಂಥ ಹೊತ್ತಲ್ಲಿ ಯಾರಾದ್ರೂ ಅಲ್ಲಾಡಿಸ್ತಾರಾ?"

ಕಂಬಳಿಗಳಿಂದ ಹೊರಬಿದ್ದು ಓಡಿದೆ. ಓಡುವಾಗ ಅವಳ ಗೇಟಿಗೆ ಚಿಲಕ ಹಾಕಿದೆನೋ ಇಲ್ಲವೋ ನನ್ನನ್ನು ಕೇಳಬೇಡಿ. ಗುಡ್ಡಕ್ಕೆ ಇರುವುದು ಒಂದೇ ದಾರಿ, ಅದು ನಮ್ಮ ಮನೆಯ ಮುಂದೆಯೇ. ಬಗ್ಗಿಕೊಂಡು ದಾಟುತ್ತಿದ್ದೆ. ಕಿಟಕಿ ತೆರೆಯಿತು.

"ಸ್ರೇತೆನ್!"

"ಕ್ರಿಸ್ತ ಹುಟ್ಟಿದ್ದಾನೆ!" ಎಂದೆ.

"ಅವನು ಸರಿಯಾದ ಹೊತ್ತಿಗೆ ಹುಟ್ಟಿದ. ಕೂಮ್ ಎಲ್ಲಿ?"

"ಬರ್ತಾ ಇದಾನೆ."

"ನೀನು ಗುಡ್ಡದಿಂದ ಇಳಿದು ಬರ್ಬೇಕಿತ್ತು. ಕೆಳಗಿನಿಂದ ಯಾಕೆ ಹತ್ತಿ ಬರ್ತಿದೀಯ?"

"ಅದೂ... ಸುತ್ತು ದಾರಿ..."

"ಕುತ್ತಿಗೇಲಿ ಏನದು?"

"ಟವೆಲ್."

"ಯಾರ ಮನೇದು?"

ನಾನು ಟವೆಲ್ಲನ್ನು ಮೊದಲ ಸಲ ನೋಡುವವನಂತೆ ನೋಡಿದೆ. ಅದರ ಮೇಲೆ ಎರಡು ಕೆಂಪು ಹುಂಜಗಳ ಕಸೂತಿ. ಇಡೀ ಬೀದಿಯಲ್ಲಿ ಅಂಥ ಹುಂಜ ಹೊಲಿಯುವವಳು ವಿಲೋತಿಯೆಯ ಹೆಂಡತಿ ಒಬ್ಬಳೇ. ಬೊಸಿಲ್ಕಾಳ ಮುಖ ನೋಡಿದೆ. ಬೈದಿದ್ದರೆ ಬಚಾವಾಗುತ್ತಿದ್ದೆ. ಅವಳು ಬೈಯಲಿಲ್ಲ.

"ಅವಳು ಬೆಳಗಿನಿಂದ ಬಾಗಿಲ ಕಡೆನೇ ನೋಡ್ತಾ ಮಲಗಿದಾಳೆ," ಎಂದಳು ಮೆಲ್ಲಗೆ. "ಒಳಗೆ ಮಾತ್ರ ಬರ್ಬೇಡ. ಹೋಗು, ಮೊದಲು ಅವನನ್ನ ಕರ್ಕೊಂಡು ಬಾ."

ಕಿಟಕಿ ಮುಚ್ಚಿತು. ನನ್ನ ಮನೆಯ ಮುಂದೆಯೇ ನಾನು ಪರದೇಶಿಯಾಗಿ ನಿಂತಿದ್ದೆ. ಬೀದಿಗೆಲ್ಲ ಕಾಲು ಕೊಟ್ಟವನಿಗೆ ತನ್ನ ಮನೆಯೊಳಗೆ ಕಾಲಿಡುವ ಯೋಗವಿಲ್ಲ!

ಹಿಮದಲ್ಲಿ ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಜಾರುತ್ತ ಗುಡ್ಡ ಹತ್ತಿದೆ. ರಾದೊಯ್ಕೊ ಕಿಟಕಿಯ ಹಿಂದೆ ಕೋಟು, ಟೋಪಿ, ಟೈ ಎಲ್ಲ ತೊಟ್ಟು, ರೈಲು ತಪ್ಪಿದವನ ಮುಖದಲ್ಲಿ ಕೂತಿದ್ದ.

"ಎಲ್ಲಿ ಹಾಳಾಗಿ ಹೋಗಿದ್ದೆ ಕೂಮಾ?" ಎಂದು ಗಾಜಿನ ಹಿಂದಿನಿಂದಲೇ ಕೂಗಿದ.

"ನೀನ್ಯಾಕೆ ಇಳಿದು ಬರ್ಲಿಲ್ಲ?"

"ಹೇಗೆ ಬರ್ಲಿ? ಹೊರಗಿನೋನು ಒಳಗೆ ಬರೋವರೆಗೂ ಒಳಗಿನೋನು ಹೊರಗೆ ಹೋಗೋ ಹಾಗಿಲ್ಲ ಅಂತ ಝಾಗೊರ್ಕಾ ಕೀಲಿಕೈನ ಸೊಂಟಕ್ಕೆ ಸಿಕ್ಕಿಸ್ಕೊಂಡಿದಾಳೆ. ನೀನು ಬರದೆ ನಾನು ಹೊರಡೋ ಹಾಗಿಲ್ಲ, ನಾನು ಹೊರಡದೆ ನಿಮ್ಮನೆ ಬಾಗಿಲು ತೆಗೆಯೋ ಹಾಗಿಲ್ಲ. ಎಂಥ ಏರ್ಪಾಡು ಮಾಡಿದ್ದೀಯ, ನಿನ್ನ ತಲೆಗೆ..."

"ಎಣ್ಣೆ ಆಗಲೇ ಹಾಕ್ಕೊಂಡಾಗಿದೆ. ಬಾಗಿಲು ತೆಗಿ!"

ತೆಗೆದರು. "ಬೇಗ ಬೇಗ" ಎಂದು ಕಿಡಿ ಹಾರಿಸಿದೆ. ಅವನ ಹೆಂಡತಿ ಝಾಗೊರ್ಕಾಳ ಮನೆಯಲ್ಲಿ ಬೇಗ ಎಂಬ ಪದವೇ ಇಲ್ಲ. "ನಮ್ಮ ಮನೆ ಅದೃಷ್ಟ ಏನು ಬಸ್ ಸ್ಟಾಪಾ, ನಿಂತು ಹೋಗೋಕೆ?" ಎಂದು ಮತ್ತೆ ಕೂರಿಸಿದಳು. ಮತ್ತೆ ರಾಕಿಯಾ, ಮತ್ತೆ ಮಾಂಸ, ಎಲೆಕೋಸಿನಲ್ಲಿ ಸುತ್ತಿದ ಕೈಮಾ, ಜೇನು, ಒಂದು ಜೊತೆ ಉಣ್ಣೆ ಕಾಲುಚೀಲ. ಅಷ್ಟೂ ಗಂಟಲಲ್ಲಿ ಇಳಿಯುತ್ತಿದ್ದರೂ ಕಣ್ಣ ಮುಂದೆ ಇದ್ದದ್ದು ಒಂದೇ, ಬಾಗಿಲ ಕಡೆ ನೋಡುತ್ತ ಮಲಗಿರುವ ಮಗಳು. ಚರ್ಚಿನ ಗಂಟೆ ಮತ್ತೊಮ್ಮೆ ಬಡಿಯಿತು. ಪೂಜೆಯೂ ಮುಗಿದಿತ್ತು! ಮೊದಲು ದೇವರು, ಆಮೇಲೆ ಸಂಸಾರ. ಎರಡೂ ಕೈಬಿಟ್ಟುಹೋಗಿ, ನನ್ನ ಕೈಯಲ್ಲಿ ಉಳಿದದ್ದು ಕಾಲುಚೀಲ.

ಕೂಮ್‌ನ ತೋಳು ಹಿಡಿದು ಗುಡ್ಡ ಇಳಿದೆ. ಇಳಿದೆ ಎನ್ನುವುದು ಗೌರವದ ಮಾತು. ಅರ್ಧ ದಾರಿ ಇಬ್ಬರೂ ಕೂತುಕೊಂಡೇ ಬಂದೆವು.

ನಮ್ಮ ಮನೆಯ ಬಾಗಿಲು ತೆರೆದಿತ್ತು.

ಹಾರುಹೊಡೆದು ತೆರೆದಿತ್ತು. ಕಿಟಕಿಯಲ್ಲಿ ಯಾರೂ ಇರಲಿಲ್ಲ. ಕುಡಿದ ರಾಕಿಯಾ ಅಷ್ಟೂ ಒಂದೇ ಕ್ಷಣಕ್ಕೆ ಇಳಿದುಹೋಯಿತು. ಆಂಬುಲೆನ್ಸ್ ಬಂದಿರಬೇಕು. ಕರೆಯಲು ಫೋನೂ ಇರಲಿಲ್ಲವಲ್ಲ, ನಾನೇ ಬೀಗ ಹಾಕಿದ್ದೆನಲ್ಲ! ಒಳಗಿನಿಂದ ದುನ್ಯಾಳ ದನಿ ಬಂತು. ಬಿಕ್ಕಿ ಬಿಕ್ಕಿ, ಉಸಿರು ಸಿಗದವಳ ಹಾಗೆ.

"ದುನ್ಯಾ!" ಎಂದು ಕೂಗುತ್ತ, ಬಲಗಾಲೋ ಎಡಗಾಲೋ ನೋಡದೆ ಒಳಗೆ ನುಗ್ಗಿದೆ.

ಅವಳು ನಗುತ್ತಿದ್ದಳು. ಸೋಫಾದ ಮೇಲೆ ದಿಂಬಿಗೆ ಒರಗಿ, ಕಣ್ಣಲ್ಲಿ ನೀರು ಸುರಿಸಿಕೊಂಡು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳ ಪಕ್ಕ, ಹಬ್ಬಕ್ಕೆಂದು ನೆಲದ ಮೇಲೆ ಹರಡಿದ್ದ ಹುಲ್ಲಿನ ನಡುವೆ, ಕೊಸಾರಾಳ ಕುರಿ ನಿಂತಿತ್ತು. ಕುತ್ತಿಗೆಗೆ ನಮ್ಮ ಮನೆಯ ಅತ್ಯುತ್ತಮ ಕಸೂತಿ ಟವೆಲ್. ಬಾಯಲ್ಲಿ ನಮ್ಮ ಹುಲ್ಲು.

"ಇದು..." ಎಂದೆ.

"ಮೆತ್ತಗೆ ಮಾತಾಡು," ಎಂದರು ಅತ್ತೆ. "ಮನೆಯ ಮೊದಲ ಅತಿಥಿ. ಯಾರೋ ಪುಣ್ಯಾತ್ಮ ಗೇಟು ತೆಗೆದಿಟ್ಟಿದ್ದ. ಬಂದು ಬಾಗಿಲು ಗುದ್ದಿತು. ತೆಗೆದೆ. ಮುಂದಿನ ಬಲಗಾಲು ಇಟ್ಟೇ ಒಳಗೆ ಬಂತು, ನಾನೇ ನೋಡ್ದೆ."

"ಅತ್ತೆ, ಕುರಿನಾ?"

"ಯಾಕೆ, ನಮ್ಮ ಹಳ್ಳೀಲಿ ನಮ್ಮಪ್ಪ ಬೇಕು ಅಂತ್ಲೇ ಕುರಿನ ಒಳಗೆ ಕರೀತಿದ್ರು. ಬೆತ್ಲೆಹೇಮಿನ ಕೊಟ್ಟಿಗೇಲಿ ಮೊದಲು ಯಾರಿದ್ರು? ಅಂಚೆ ಕಚೇರಿಯವರಾ?"

"ಅಪ್ಪಾ," ಎಂದಳು ದುನ್ಯಾ, ನಗುವಿನ ನಡುವೆ ಉಸಿರು ಎಳೆದುಕೊಂಡು, "ಅಜ್ಜಿ ಒಲೆ ಬಾಗಿಲು ತೆಗೆದು 'ಕೆದಕು ತಾಯಿ' ಅಂದ್ರು. ಅದು ಮೂಗು ಹತ್ತಿರ ಇಟ್ಟು ಎಂಥಾ ಸೀನು ಸೀನ್ತು ಗೊತ್ತಾ! ಬೂದಿಯೆಲ್ಲ ಅಜ್ಜಿ ಮೇಲೆ, ಕಿಡಿಯೆಲ್ಲ ಮನೆ ತುಂಬಾ, ಹೊಗೆ ಹೋಗ್ಲಿ ಅಂತ ಬಾಗಿಲೂ ತೆಗೆದಿಟ್ವಿ! ನಾನು ನಕ್ಕೆ ನೋಡು, ಒಳಗಿಂದ ಇವನೂ ಒದೆಯೋಕೆ ಶುರು ಮಾಡ್ದ. ಇನ್ನೂ ನಿಲ್ಸಿಲ್ಲ. ಕೈ ಇಡು ಇಲ್ಲಿ."

ಕೈ ಇಟ್ಟೆ. ಹಂದಿಮಾಂಸದ ಜಿಡ್ಡಿನ, ಹಿಮದಲ್ಲಿ ಮರಗಟ್ಟಿದ ಕೈ. ಒಳಗಿನಿಂದ ಬಲವಾದ ಒಂದು ಒದೆ ಬಂತು. ಬಲಗಾಲೇ ಇರಬೇಕು. ಆ ಒದೆಗೆ ನಾನು ಸಂಪೂರ್ಣ ಅರ್ಹನಾಗಿದ್ದೆ. ನನ್ನ ಕಣ್ಣು ಒದ್ದೆಯಾಯಿತು. ರಾಕಿಯಾ, ರಾಕಿಯಾ ಎಂದು ಎಲ್ಲರಿಗೂ ಹೇಳಿದೆ.

ಬೊಸಿಲ್ಕಾ ಚರ್ಚಿಗೆ ಹಾಕಿಕೊಂಡು ಹೋಗಿದ್ದ ಕೋಟನ್ನು ಇನ್ನೂ ಬಿಚ್ಚಿರಲಿಲ್ಲ. ಕುರಿ ಬಂದ ಮೇಲೆ, ಇನ್ನು ಭಯವಿಲ್ಲ ಎಂದು ಒಬ್ಬಳೇ ಹೋಗಿ ಬಂದಿದ್ದಳಂತೆ.

"ನಿನ್ನ ಹೆಸರಲ್ಲೂ ಮೇಣದಬತ್ತಿ ಹಚ್ಚಿದೆ," ಎಂದಳು. ನಮ್ಮ ಚರ್ಚಿನಲ್ಲಿ ಬದುಕಿರುವವರಿಗೆ ಮೇಲಿನ ಸಾಲಿನಲ್ಲಿ, ತೀರಿಕೊಂಡವರಿಗೆ ಕೆಳಗಿನ ಸಾಲಿನಲ್ಲಿ ಹಚ್ಚುತ್ತಾರೆ.

"ಯಾವ ಸಾಲಿನಲ್ಲಿ?" ಎಂದೆ ಹೆದರುತ್ತಲೇ.

"ಮೇಲೆ. ತುಂಬಾ ಹೊತ್ತು ಯೋಚನೆ ಮಾಡಿ."

ಎಲ್ಲವನ್ನೂ ಒಪ್ಪಿಕೊಂಡೆ. ಕೋಳಿ, ಕಂಬಳಿ, ಕೆನೆ, ಯಾವುದನ್ನೂ ಬಿಡಲಿಲ್ಲ. ಕೂಮ್ ಮೂಲೆಯಲ್ಲಿ ಕುರಿಯನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದ. ಟೈ ಕಟ್ಟಿದ್ದು ದಂಡವಾಯಿತಲ್ಲ! ಮೇಜಿನ ನಡುವೆ ಹಬ್ಬದ ದುಂಡು ರೊಟ್ಟಿ ಇಡಿಯಾಗಿ ಕೂತಿತ್ತು. ಅದಕ್ಕೆ ಮನೆಯ ಎಲ್ಲರ ಕೈಯೂ ಸೇರಬೇಕು, ಒಟ್ಟಿಗೆ ತಿರುಗಿಸಿ ಒಟ್ಟಿಗೆ ಮುರಿಯಬೇಕು. ಇಷ್ಟಾದರೂ ನನಗಾಗಿ ಕಾದಿದ್ದರು. ಮೇಜನ್ನು ಸೋಫಾದ ಹತ್ತಿರ ಎಳೆದೆವು. ಅತ್ತೆ ಪ್ರಾರ್ಥನೆ ಹೇಳಿದರು. ಎಲ್ಲ ಕೈಗಳೂ ರೊಟ್ಟಿಯ ಮೇಲೆ ಬಂದವು. ಬೊಸಿಲ್ಕಾಳ ಕೈ ನನ್ನ ಕೈಯ ಪಕ್ಕದಲ್ಲೇ ಇತ್ತು, ದೂರ ಸರಿಯಲಿಲ್ಲ. ಅಷ್ಟು ಸಾಕಾಗಿತ್ತು ನನಗೆ. ಮೂರು ಮನೆಗಳಲ್ಲಿ ತಿಂದಿದ್ದು ಮರೆತು, ಆ ರೊಟ್ಟಿಯ ತುಂಡನ್ನು ಹೊಸ ಹಸಿವಿನಿಂದ ತಿಂದೆ.

ಊಟದ ನಂತರ, ಗಾಳಿ ಸ್ವಲ್ಪ ತಿಳಿಯಾಗಿದೆ ಎನ್ನಿಸಿದಾಗ, ಆದಷ್ಟು ವಿನಯದಿಂದ ಕೇಳಿದೆ.

"ಬೊಸಿಲ್ಕಾ, ಮುಂದಿನ ವರ್ಷಕ್ಕೆ ಯಾರನ್ನ ಕರೆಯೋಣ?"

ಅವಳು ಕುರಿಯ ಬೆನ್ನಿನ ಮೇಲಿದ್ದ ಹುಲ್ಲನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಇದಕ್ಕೇ ಹೇಳಿದೀನಿ," ಎಂದಳು. "ಇದು ಇನ್ನೂ ಬೇರೆ ಯಾರಿಗೂ ಮಾತು ಕೊಟ್ಟಿಲ್ಲ."